ಮಾಮಾ ಹೇಳಿದ್ದೆಲ್ಲ ನಿಜ

ಡಾಕ್ಟರ್ ಹರಿದಾಸ ಪೋಂಕ್ಷೆಯವರಿಗೆ ಮೊದಲು ಅನುಮಾನ ಬಂದದ್ದು ಮಾಮನ ಮೇಲೆಯೇ.

ಹುಡುಗಿಯ ಹೆಸರು ಕಸ್ತೂರಿ. ಬೀದರ ಕಡೆಯವಳು, ಕನ್ನಡ ಬಿಟ್ಟರೆ ಮತ್ತೊಂದು ಭಾಷೆ ಬಾರದು. ಅನ್ನ ಬಿಟ್ಟು ಅಳುತ್ತ ಕೂತವಳನ್ನು ಔರಂಗಾಬಾದಿನಿಂದ ನಾಸಿಕದ ಈ ಹುಚ್ಚಾಸ್ಪತ್ರೆಗೆ ಕರೆತಂದವನು ಅಲ್ಲಿಯ ಚಿಕಲಠಾಣಾ ಕಾರ್ಖಾನೆಯೊಂದರ ಫಿಟ್ಟರ್ ಮನ್ಮಥಪ್ಪ, ಅವಳ ತಾಯಿಯ ಬೆನ್ನಿಗೆ ಬಿದ್ದ ತಮ್ಮ. ಅವಳ ಮಾತನ್ನು ಮರಾಠಿಯಲ್ಲಿ ತಿಳಿಸುತ್ತಿದ್ದವನೂ ಅವನೇ. ಒಂದಕ್ಷರ ಬಿಡದೆ ತಿಳಿಸಿದ.

ಅದರಲ್ಲೊಂದು ಮಾತಿಗೆ ಡಾಕ್ಟರರ ಕಿವಿ ಕಾದವು. ಮಾಮನೆಂದರೆ ಯಾವ ಊರಲ್ಲಾದರೂ ತಂದೆಯ ಸಮ. ಅಂಥವನ ಬಗ್ಗೆ ಇದೇನು ಹೊಲಸು ಮಾತು! ರಾಮ ರಾಮ!

ಪೋಂಕ್ಷೆ ಪೆದ್ದರಲ್ಲ. ರೋಗಿಯ ಮನೆಯ ರೀತಿ ನೀತಿ ಅರಿಯದೆ ಮದ್ದು ಕೊಡಬೇಡಿ ಎಂದು ಕಿರಿಯರಿಗೆ ಪಾಠ ಹೇಳುವವರು. ಬೆಂಕಿಯಿಲ್ಲದೆ ಹೊಗೆಯಾಡೀತೇ? ಮನ್ಮಥಪ್ಪನನ್ನು ಹೊರಗೆ ಕಳಿಸಿ, ಅವನು ನಿನ್ನ ಮಾಮನೇ ಹೌದೇ ಎಂದು ತಾವೇ ಮರಾಠಿಯಲ್ಲಿ ಕೇಳಿದರು.

"ತೇ ತುಝೇ ಮಾಮಾ ಕಾ?"

"ಮಾಮಾ, ಮಾಮಾ!" ಕಸ್ತೂರಿ ಜೋರಾಗಿ ತಲೆಯಾಡಿಸಿದಳು.

ಅವನು ಒಳಬಂದಾಗ ಹೆದರಲೂ ಇಲ್ಲ. ಓಡಿ ಹೋಗಿ ತೋಳು ಹಿಡಿದುಕೊಂಡಳು. ಕೆಡಿಸಿದವನನ್ನು ಯಾವ ಹೆಣ್ಣು ಹೀಗೆ ಹಿಡಿದಾಳು? ಡಾಕ್ಟರರ ಅನುಮಾನ ತೀರಿತು. ಭ್ರಮೆಯೇ ಸರಿ.

"ಇವಳ ಗಂಡ ಎಲ್ಲಿ?"

"ಅವನಿಗೆ ಇವಳು ಬೇಡಾಗ್ಯಾಳ್ರಿ ಸಾಹೇಬ್ರ. ಮಕ್ಕಳಾಗಲಿಲ್ಲ. ಬೇರೆ ಹೆಣ್ಣು ನೋಡ್ಯಾನ. ಅವನ ಮನಸ್ಸು ನನಗಿಂತ ಚಲೋ ಯಾರಿಗೂ ಗೊತ್ತಿಲ್ಲರಿ."

"ಪಾಪ! ಆ ಸಂಕಟಕ್ಕೇ ತಲೆ ಕೆಟ್ಟಿದೆ. ಕರೆಂಟು ಕೊಡೋಣ."

"ಆ ಮಾತು ಮರೀತಾಳೇನ್ರಿ?" ಮನ್ಮಥಪ್ಪ ಆಸೆಯಿಂದ ಕೇಳಿದ.

"ಮರೆಯುವ ತನಕ ಕೊಡೋಣ. ನಿಮ್ಮಂಥ ಮಾಮಾ ಸಿಗಬೇಕಾದರೆ ಪುಣ್ಯ ಮಾಡಿರಬೇಕು."

ಆಸ್ಪತ್ರೆಯ ನಿಯಮದಂತೆ ನರ್ಸ್ ಕಸ್ತೂರಿಯ ಮೈಮೇಲಿನ ಒಡವೆಯನ್ನೆಲ್ಲ ಬಿಚ್ಚಿ, ಕರವಸ್ತ್ರದಲ್ಲಿ ಗಂಟು ಕಟ್ಟಿ, ಮನ್ಮಥಪ್ಪನ ಕೈಗಿತ್ತಳು. ಅವನು ಅದನ್ನು ಜೇಬಿಗೆ ಹಾಕಿಕೊಂಡು ಔರಂಗಾಬಾದಿನ ಬಸ್ಸಿಗೆ ಹೊತ್ತಾಯಿತೆಂದು ಹೊರಟ. ಹಿಂದೆ ಕಬ್ಬಿಣದ ಬಾಗಿಲು ಮುಚ್ಚಿತು. ಒಳಗಿನಿಂದ ಕಸ್ತೂರಿ ಸರಳು ಹಿಡಿದು ಕೂಗತೊಡಗಿದಳು. ಅವನು ತಿರುಗಿ ನೋಡಲಿಲ್ಲ.

"ಮಾಮನ ಮೇಲೆ ಎಷ್ಟು ಜೀವ ನೋಡಿ ಇವಳಿಗೆ," ಎಂದು ನರ್ಸ್ ಕಣ್ಣೊರೆಸಿಕೊಂಡಳು. ಕನ್ನಡ ಅವಳಿಗೂ ಬಾರದು, ಡಾಕ್ಟರರಿಗೂ ಬಾರದು.

"ಮಾಮಾ, ನನ್ನ ತಾಳಿ ಬಿಚ್ಚ್ಯಾರ್ರಿ! ನೀವೇ ಕಟ್ಟಿದ್ದು, ನೀವೇ ಬಂದು ಮತ್ತ ಕಟ್ಟರಿ!"