ಚಮಚದ ಬೆನ್ನಿನ ಬಣ್ಣ

"ಬಿಳಿ ಎಷ್ಟು ಹನಿ ಹಾಕಿದೆ?" ಎಂದು ಭಾವ ಕೇಳಿದರು.

ಗೇಣುದ್ದದ ಕಾರು ಅವರ ಅಂಗೈ ಮೇಲಿತ್ತು. ಕೈ ನಡುಗುವುದರಿಂದ ಇನ್ನೊಂದು ಕೈಯನ್ನು ಕೆಳಗೆ ಆನಿಸಿಕೊಂಡಿದ್ದರು. ಅದನ್ನು ಮಾಡಿ ತಂದಿದ್ದ ಹೆಂಡತಿಯ ತಮ್ಮ ಎದುರಿನ ಕುರ್ಚಿಯ ತುದಿಯಲ್ಲಿ ಕೂತಿದ್ದ. ಬೇರೆ ಏನು ಕೇಳಿದ್ದರೂ ಅವನಲ್ಲಿ ಉತ್ತರವಿತ್ತು. ಮಾದರಿ ಕಾರು ಜೋಡಿಸುವ ಪೆಟ್ಟಿಗೆಯಲ್ಲಿ ಬಂದ ಬಿಡಿಭಾಗಗಳು ಬೇರೆ ಯಾವುದೋ ಕಾರಿನವು. ಕೊಯ್ದು, ಉಜ್ಜಿ, ಕೃತಕ ಹಲ್ಲಿನ ಸೆಟ್ ಮಾಡುವ ತನ್ನ ಕಸುಬಿನ ಸೂಜಿಮೊನೆಯ ಕತ್ತಿಗಳಿಂದಲೇ ಕೆತ್ತಿ, ಅವನ್ನು ಭಾವನ ಹಳೆಯ ಕಾರಿನ ಆಕಾರಕ್ಕೆ ತಂದಿದ್ದ. ಆ ಕಾರಿಗೆ ಅಕ್ಕ ಹೆಣೆದಿದ್ದ ಸ್ಟೀರಿಂಗ್ ಕವರು ಇಲ್ಲಿ ಒಂದೇ ಎಳೆ ದಾರವಾಗಿ ಸುತ್ತಿಕೊಂಡಿತ್ತು. ಬಾಗಿಲಿನ ಹಿಡಿಯ ಕೆಳಗೆ ಕೀಲಿಗೊಂಚಲು ತಾಗಿ ತಾಗಿ ಆಗಿದ್ದ ಗೀರು ಕೂಡ ಇತ್ತು. ಭಾವ ಆ ಗೀರನ್ನು ಉಗುರಿನಿಂದ ಮುಟ್ಟಿ ನೋಡಿ "ಹೂಂ" ಎಂದಿದ್ದರು. ಅವರ ಬಾಯಲ್ಲಿ ಅದು ದೊಡ್ಡ ಮಾತು. ಆಮೇಲೆ ಕಾರನ್ನು ಬೆಳಕಿಗೆ ತಿರುಗಿಸಿದರು.

ಗ್ಯಾರೇಜಿನಲ್ಲಿ ಬಣ್ಣ ಕೂಡಿಸುವುದೇ ಅವರ ಕೆಲಸವಾಗಿತ್ತು. ಗುದ್ದಿಸಿಕೊಂಡು ಬಂದ ಕಾರಿಗೆ ಅವರು ಬೆರೆಸಿದ ಬಣ್ಣ ಹೊಡೆದರೆ, ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಕಾರಿನವನಿಗೇ ತಿಳಿಯುತ್ತಿರಲಿಲ್ಲ. ಬದುಕಿಡೀ ಯಾರ್ಯಾರದೋ ಬಣ್ಣಕ್ಕೆ ಹೊಂದಿಸುತ್ತ ಹೋದವರು ತಮ್ಮದೆಂದು ಮಾಡಿಕೊಂಡದ್ದು ಒಂದೇ ಬಣ್ಣ. ನೀಲಿಯೊಳಗೆ ಹಸಿರು ಇಳಿದು, ಅದರ ಮೇಲೆ ಒಂಚೂರು ಹೊಗೆ ಆಡಿದಂಥದ್ದು. ಅದನ್ನು ಸ್ವಂತ ಕಾರಿಗೆ ಹೊಡೆದಿದ್ದರು. ಕೈ ನಡುಗತೊಡಗಿದಾಗ ಮೊದಲು ಕೆಲಸ ಹೋಯಿತು, ಆಮೇಲೆ ಕಾರು. ಕೊಂಡವನು ಅದಕ್ಕೆ ಬಿಳಿ ಹೊಡೆಸಿದನಂತೆ ಎಂದು ಯಾರೋ ಹೇಳಿದ ಮೇಲೆ ಮನೆಯಲ್ಲಿ ಅವರ ಮಾತು ನಿಂತೇಹೋಯಿತು. ಸಿಟ್ಟಿನ ಮೌನವಾಗಿದ್ದರೆ ಅಕ್ಕ ಹೇಗೋ ನಿಭಾಯಿಸುತ್ತಿದ್ದಳು. ಇದು ಯಾರಿಂದಲೂ ಏನನ್ನೂ ಬೇಡದ ಮೌನ. ಅವಳು ತಮ್ಮನನ್ನು ಕರೆಸಿ, ನಿನ್ನ ಆ ಸಣ್ಣ ಕಾರುಗಳಲ್ಲಿ ನಮ್ಮದೊಂದನ್ನು ಮಾಡಿಕೊಡು ಎಂದಳು. ಕಪಾಟಿನ ಮೂಲೆಯಲ್ಲಿ ಉಳಿದಿದ್ದ ಶೀಶೆಯನ್ನು ಭಾವನೇ ತಂದುಕೊಟ್ಟರು. ಇದಕ್ಕೆ ಬೇರೆ ಒಂದು ಹನಿಯೂ ಸೇರಬಾರದು ಎಂದಷ್ಟೇ ಹೇಳಿದ್ದರು. ಆ ಬಣ್ಣ ಎಂದು ಉಳಿದಿದ್ದದ್ದೇ ಅಷ್ಟು.

"ಎಂಟೋ ಹತ್ತೋ ಹನಿ," ಎಂದು ಅವನು ಒಪ್ಪಿಕೊಂಡ.

ಭಾವ ಕಾರಿನಿಂದ ಕಣ್ಣು ತೆಗೆಯಲಿಲ್ಲ. "ಕಾರು ಕೊಂಡೋನು ಬಿಳೀನ ಮೇಲೆ ಬಳಿದ. ನೀನು ಒಳಗೇ ಬೆರೆಸಿದೆ."

ಅವನು ವಿವರಿಸಲು ನೋಡಿದ. ಯಾವ ಬಣ್ಣವನ್ನಾದರೂ ಮೊದಲು ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಹಚ್ಚಿ ನೋಡುವುದು ಅವನ ರೂಢಿ. ಅಸಲಿ ಬಣ್ಣ ಅಷ್ಟು ಸಣ್ಣ ಜಾಗದಲ್ಲಿ ಕಪ್ಪಿಟ್ಟು ಕೂತಿತು; ಹಾಗೇ ಹೊಡೆದಿದ್ದರೆ ಕಾರು ಆಟಿಕೆಯಾಗಿಬಿಡುತ್ತಿತ್ತು. ಇಷ್ಟು ಚಿಕ್ಕ ಕಾರೆಂದರೆ ದೂರದಲ್ಲಿರುವ ಕಾರು ಎಂದೇ ಲೆಕ್ಕ, ದೂರದ್ದು ತಿಳಿಯಾಗಿ ಕಾಣಬೇಕು.

"ಹಲ್ಲಿಗೆ ಬಣ್ಣ ಕೂಡಿಸೋನು ನನಗೆ ಪಾಠ ಹೇಳ್ತಾನೆ," ಎಂದರು ಭಾವ. "ದೂರ ಇಟ್ರೆ ಬಣ್ಣ ಬೇರೆ ಆಗುತ್ತೇನಯ್ಯಾ? ನಾನು ಮೂಗು ತಾಗೋಷ್ಟು ಹತ್ತಿರದಿಂದ ನೋಡಿ ಅನ್ನ ತಿಂದೋನು."

ಅವನು ಚೀಲದಿಂದ ಆ ಚಮಚವನ್ನು ತೆಗೆದು ಕೊಟ್ಟ. ಭಾವ ಅದನ್ನು ಕಾರಿನ ಪಕ್ಕ ಹಿಡಿದರು. ಅಂತರ ಯಾರಿಗಾದರೂ ಕಾಣುವಂತಿತ್ತು. "ಇದು ನಂದು," ಎಂದು ಚಮಚವನ್ನು ಇಟ್ಟುಕೊಂಡು ಕಾರನ್ನು ಮೇಜಿನ ಮೇಲೆ ಅತ್ತ ಸರಿಸಿದರು. ಹಚ್ಚಿದ್ದನ್ನು ಕೆರೆದು ತೆಗೆಯಬಹುದಿತ್ತು. ಮತ್ತೆ ಹಚ್ಚಲು ಶೀಶೆಯಲ್ಲಿ ಏನೂ ಇರಲಿಲ್ಲ.

ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದವಳು ಬಾಗಿಲಲ್ಲೇ ನಿಂತಳು.

"ಬಂತಲ್ಲ ನಮ್ಮ ಕಾರು," ಎಂದಳು. "ಅದೇ ಬಣ್ಣ."

ಭಾವ ತಿರುಗದೆಯೇ ಚಮಚವನ್ನು ಎತ್ತಿ ತೋರಿಸಿದರು. "ಅದಲ್ಲ. ಇದು."

ಅವಳು ಹತ್ತಿರ ಬಂದು ಬಗ್ಗಿ ನೋಡಿದಳು. "ಇದ್ಯಾವುದ್ರೀ? ನಮ್ಮ ಕಾರು ಇಷ್ಟು ಕಪ್ಪು ಎಲ್ಲಿತ್ತು?"

"ಅಷ್ಟು ವರ್ಷ ಅದರಲ್ಲೇ ಕೂತು ಓಡಾಡಿದ್ದೀಯ."

"ಒಳಗೆ ಕೂತೋರಿಗೆ ಹೊರಗಿನ ಬಣ್ಣ ಎಲ್ಲಿ ಕಾಣುತ್ತೆ? ನಾನು ನೋಡ್ತಿದ್ದದ್ದು ಈ ಕಿಟಕಿಯಿಂದ. ಬೀದಿ ತಿರುವಲ್ಲಿ ಈ ಬಣ್ಣ ಕಂಡ ಕೂಡಲೇ ಹೋಗಿ ಒಲೆ ಹಚ್ತಿದ್ದೆ. ನೀವು ಕಾರು ನಿಲ್ಲಿಸಿ ಮೆಟ್ಟಿಲು ಹತ್ತೋಷ್ಟರಲ್ಲಿ ಬಿಸಿ ಆಗಿರ್ತಿತ್ತು."

ಊಟ ಯಾವಾಗಲೂ ಬಿಸಿಯಾಗಿಯೇ ಇರುತ್ತಿತ್ತು. ಹೇಗೆ ಎಂದು ಭಾವ ಒಮ್ಮೆಯೂ ಕೇಳಿರಲಿಲ್ಲ.

ಅವರು ಎದ್ದರು. ಚಮಚವನ್ನು ಅಂಗಿಯ ಜೇಬಿಗೆ ಇಳಿಸಿದರು. ಕಾರನ್ನು ಎರಡೂ ಕೈಯಲ್ಲಿ ಎತ್ತಿ, ಮೂತಿ ಒಳಮುಖವಾಗಿ ಬರುವಂತೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಆಮೇಲೆ ಹಿಂದೆ ಹಿಂದೆ ಸರಿಯುತ್ತ ಎದುರಿನ ಗೋಡೆಗೆ ಬೆನ್ನು ತಾಗುವವರೆಗೆ ಹೋಗಿ, ಅಲ್ಲಿಂದ ನೋಡಿದರು. ತುಂಬ ಹೊತ್ತು ನೋಡಿದರು.

"ಒಂಚೂರು ಎಡಕ್ಕೆ ತಿರುಗಿಸು," ಎಂದರು ಕೊನೆಗೆ. "ತಿರುವಲ್ಲಿ ಅದು ಹಾಗೇ ಬರೋದು."

ಅವನು ತಿರುಗಿಸಿದ. ಅಕ್ಕ ಅಲ್ಲಿರಲಿಲ್ಲ. ಒಳಗಿನಿಂದ ಒಲೆ ಹೊತ್ತಿಕೊಂಡ ಸದ್ದು ಬಂತು.