ಅಗಸಿಯ ತನಕ

ಹೆಣೆದವರ ಉಸಿರಿರುವ ತನಕ ಸ್ವೆಟರ್ ತಾನಾಗಿಯೇ ಬೆಚ್ಚಗಿರುತ್ತದೆ. ಅದು ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ಕಲ್ಲಪ್ಪನ ಹೆಂಡತಿ ವಿಜಯಪುರದ ಆಸ್ಪತ್ರೆ ಸೇರಿ ತಿಂಗಳಾಗಿತ್ತು. ಈ ವರ್ಷವೂ ಹಳ್ಳ ತುಂಬಿ ದಾರಿ ಮುಚ್ಚಿತ್ತು. ಮಗಳು ನೀಲವ್ವನಿಗಾಗಿ ಅವಳು ಹೆಣೆದಿದ್ದ ಅರಿಸಿನ ಬಣ್ಣದ ಸ್ವೆಟರ್ ಸೋಮವಾರ ಬೆಳಿಗ್ಗೆ ಅವನ ಕೈಗೆ ತಣ್ಣಗೆ ತಾಗಿತು. ಅಂದಿನಿಂದ ನೀಲವ್ವ ಏಳುವ ಮೊದಲೇ ಅದನ್ನು ಒಲೆಯ ಮುಂದೆ ಹಿಡಿದು ಕಾಸಿ, ಬಿಸಿ ಆರುವ ಮುನ್ನ ತೊಡಿಸುತ್ತಿದ್ದ.

ಇಂದೂ ಗುಂಡಿ ಹಾಕುತ್ತ ಕೇಳಿದ, "ಬೆಚ್ಚಗೈತೇನವ್ವಾ?"

ಹುಡುಗಿ ತೋಳನ್ನು ಮೂಗಿಗೆ ಹಿಡಿದಳು. "ಹೊಗಿ ವಾಸನಿ ಬರತೈತಿ, ಅಪ್ಪಾ. ಊರ ಅಗಸಿ ಬಾಗಲಾ ದಾಟಿ ಸಾಲಿ ಮುಟ್ಟೂದ್ರಾಗ ತಣ್ಣಗಾಗತೈತಿ. ಸೋಮಾರದಿಂದ ಹಂಗ."

ಅವನ ಕೈ ಗುಂಡಿಯ ಮೇಲೆಯೇ ನಿಂತಿತು.

"ನಾಳಿನೂ ಕಾಸಿ ಕೊಡು," ಎಂದಳು. "ಅಗಸಿ ತನಕ ಅವ್ವ ಇರತಾಳ."