ಎಡಕ್ಕೆ ಸುತ್ತಿದ ಟೇಪ್

ಹಳೇ ಫ್ರಿಜ್ಜಿನ ಹಿಂಬದಿಯ ತಗಡು ಬಿಚ್ಚಿ, ವೈರುಗಳಿಗೆ ಸುತ್ತಿದ್ದ ಬಟ್ಟೆಯ ಟೇಪ್ ಬಿಡಿಸಲು ಕೂತ ಮಗಳು ತಟ್ಟನೆ ಕೈ ನಿಲ್ಲಿಸಿದಳು. ಟೇಪ್ ಅವಳ ಎಡಗೈಗೆ ಸಲೀಸಾಗಿ ಬಿಚ್ಚಿಕೊಂಡು ಬಂತು. ಹನ್ನೊಂದು ವರ್ಷದಿಂದ ಈ ರಿಪೇರಿ ಅಂಗಡಿಯಲ್ಲಿ ಅಪ್ಪ ಸುತ್ತಿಟ್ಟ ಟೇಪುಗಳನ್ನು ಬಿಚ್ಚಿದವಳು ಅವಳು. ಅಪ್ಪ ಬಲಗೈಯವನು, ಅವಳು ಎಡಚಿ. ಅವನು ಸುತ್ತಿದ್ದು ಅವಳ ಕೈಗೆ ಯಾವತ್ತೂ ಉಲ್ಟಾ. ಇದು ಹಾಗಿರಲಿಲ್ಲ. ಇನ್ನೊಂದು ಬಿಚ್ಚಿದಳು, ಮತ್ತೊಂದು ಬಿಚ್ಚಿದಳು. ಮೂರೂ ಎಡಗೈಯವರು ಸುತ್ತಿದ್ದು.

ಇದು ಅಂಥಿಂಥ ಫ್ರಿಜ್ ಅಲ್ಲ. ನಲವತ್ತು ವರ್ಷದ ಹಿಂದೆ ಡಾಕ್ಟರ ಮನೆಯ ಈ ಗುಂಡು ಮೂಲೆಯ ಪೆಟ್ಟಿಗೆಯನ್ನು ಬದುಕಿಸಿಯೇ ಅಪ್ಪ ‘ಐಸ್ ಮೇಸ್ತ್ರಿ’ ಆದದ್ದು. ಊರಿನ ಮೆಕ್ಯಾನಿಕ್ಕುಗಳೆಲ್ಲ ಕೈಚೆಲ್ಲಿ ಕೂತಿದ್ದರಂತೆ, ತಾನೊಬ್ಬನೇ ಕೈಹಾಕಿದನಂತೆ, ಆಮೇಲೆ ಅದರ ಹಿಂಬದಿ ಬಿಚ್ಚುವ ಪ್ರಸಂಗವೇ ಬರಲಿಲ್ಲವಂತೆ. ಕೇಳಿ ಕೇಳಿ ಅವಳ ಕಿವಿ ತೂತಾಗಿತ್ತು. ಈಗ ಅದನ್ನು ಕೊಂಡವನು ಹಳೇ ಸಾಮಾನು ಕೂಡಿಡುವ ಶೋಕಿಯ ಮನುಷ್ಯ. ಮತ್ತೆ ಓಡುವಂತಾದರೆ ತನ್ನ ಪ್ರದರ್ಶನದ ಕೋಣೆಯಲ್ಲಿಟ್ಟು, ಪಕ್ಕದಲ್ಲಿ ರಿಪೇರಿ ಮಾಡಿದವರ ಹೆಸರು ಕೆತ್ತಿದ ಹಿತ್ತಾಳೆ ಫಲಕ ಹಾಕಿಸುತ್ತೇನೆ ಎಂದಿದ್ದ. ಅಪ್ಪನ ಕಣ್ಣಿಗೆ ಪೊರೆ ಬಂದು, ಕೈ ನಡುಗತೊಡಗಿ, ಅವನು ಸ್ಕ್ರೂಡ್ರೈವರ್ ಮುಟ್ಟಿ ಐದು ವರ್ಷವಾಗಿತ್ತು. ಆರು ವಾರದಿಂದ ಸೋಪಿನ ನೊರೆ ಹಚ್ಚಿ ಲೀಕ್ ಹುಡುಕಿದ್ದು, ಗ್ಯಾಸ್ ತುಂಬಿದ್ದು, ಬಾಗಿಲಿನ ರಬ್ಬರ್ ಅಳೆದು ಕತ್ತರಿಸಿ ಕೂರಿಸಿದ್ದು ಎಲ್ಲ ಅವಳೇ. ಫಲಕದಲ್ಲಿ ತನ್ನ ಹೆಸರೂ ಇರಬೇಕು ಎಂದು ಅವಳಿಗೆ ಹಟ. ಒಂದೇ ಒಂದು ಸಲ.

ವೈರುಗಳು ಗಟ್ಟಿಮುಟ್ಟಾಗಿದ್ದುದರಿಂದ ಟೇಪ್ ಬದಲಿಸುವುದನ್ನು ಕೊನೆಗೆ ಉಳಿಸಿಕೊಂಡಿದ್ದಳು. ಈಗ ಆ ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ಬಾಗಿಲ ಬಳಿ ಕುರ್ಚಿ ಹಾಕಿ ಕೂತಿದ್ದ ಅಪ್ಪನ ಮುಂದೆ ನಿಂತಳು. ಮನೆಯಲ್ಲಿ ಇನ್ನೊಬ್ಬಳು ಎಡಚಿ ಇದ್ದಳು, ಅಮ್ಮ. ಅವಳು ತೀರಿಕೊಂಡು ಒಂಬತ್ತು ವರ್ಷ. ಅಪ್ಪ ಹೇಳುವ ಅಂಗಡಿಯ ಕಥೆಗಳಲ್ಲಿ ಅವಳು ಬರುತ್ತಿದ್ದುದು ಊಟದ ಡಬ್ಬಿ ಹಿಡಿದುಕೊಂಡು ಮಾತ್ರ.

“ಅಪ್ಪ, ಈ ಫ್ರಿಜ್ಜಿಗೆ ಟೇಪ್ ಸುತ್ತಿದ್ದು ಯಾರು?”

“ಇನ್ಯಾರು? ನಾನೇ.”

“ಮೂರೂ ಎಡಕ್ಕೆ ಸುತ್ತಿದೆ.”

ಅಪ್ಪ ತುಂಡೊಂದನ್ನು ತೆಗೆದುಕೊಂಡು ಬೆರಳಲ್ಲಿ ಸವರಿದ. ಆಮೇಲೆ ಬೀದಿಯ ಕಡೆ ಮುಖ ಮಾಡಿ ಹೇಳಿದ, “ಆಗ ಗ್ಯಾಸ್‌ ವೆಲ್ಡಿಂಗ್ ಮಾಡುವಾಗ ನನ್ನ ಕೈ ಸುಟ್ಟಿತ್ತು. ಬೆರಳು ಮಡಿಸೋಕೂ ಆಗ್ತಿರ್ಲಿಲ್ಲ. ನಾನು ಹೇಳ್ತಾ ಹೋದೆ, ನಿಮ್ಮಮ್ಮ ಮಾಡ್ತಾ ಹೋದ್ಲು. ಕೈ ಅವಳದು, ತಲೆ ನಂದು.”

ಮಗಳು ಉಳಿದ ತುಂಡುಗಳನ್ನು ಸಿಟ್ಟಿನಿಂದ ಮುಷ್ಟಿಯಲ್ಲಿ ಹಿಚುಕಿದಳು. ಚಿಕ್ಕವಳಿದ್ದಾಗ ಎಡಗೈಯಲ್ಲಿ ಪೆನ್ಸಿಲ್ ಹಿಡಿದರೆ ಇದೇ ಅಪ್ಪ ಗೆಣ್ಣಿನ ಮೇಲೆ ಸ್ಪ್ಯಾನರಿನಿಂದ ಕುಟ್ಟುತ್ತಿದ್ದ. ಎಡಗೈ ಕೆಲಸ ಯಾವತ್ತಾದ್ರೂ ನೆಟ್ಟಗಾಗುತ್ತಾ ಎಂದು ಬೈಯುತ್ತಿದ್ದ. ಅಮ್ಮ ಅಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು, ಒಂದು ಮಾತೂ ಆಡದೆ. ಹೇಗೆ ನುಂಗಿಕೊಂಡಳೋ!

“ಆವಾಗ ಕೈ ಅಮ್ಮಂದು, ತಲೆ ನಿಂದು. ಸರಿ. ಈಗ ಈ ಆರು ವಾರ ಕೈ ನಂದು. ತಲೆ ಯಾರದಪ್ಪ?”

“ನೋಡು, ನಿಮ್ಮಮ್ಮ ಒಂದು ದಿನಕ್ಕಾದ್ರೂ ಹೆಸರು ಬೇಕು ಅಂತ ಕೇಳಿದವಳಲ್ಲ.”

“ನಾನು ಕೇಳ್ತಿದ್ದೀನಲ್ಲ.”

ಅಪ್ಪ ಟೇಪಿನ ತುಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಅವಳು ಹೋಗಿ ವೈರುಗಳಿಗೆ ಹೊಸ ಟೇಪ್ ಸುತ್ತಿ, ತಗಡು ಮುಚ್ಚಿ, ಸ್ವಿಚ್ ಹಾಕಿದಳು. ಕಂಪ್ರೆಸರ್ ಒಮ್ಮೆ ಮೈ ಕೊಡವಿ ಹದವಾಗಿ ಗುನುಗತೊಡಗಿತು. ಅಷ್ಟು ಕೋಪದಲ್ಲೂ ಅವಳಿಗೆ ಖುಷಿಯಾಯಿತು.

ಮಧ್ಯಾಹ್ನ ಫ್ರಿಜ್ಜಿನ ಯಜಮಾನ ಬಂದ. ಬಾಗಿಲು ತೆರೆದು ಒಳಗೆ ಕೈಯಿಟ್ಟವನೇ ಚಿಕ್ಕ ಮಗುವಿನ ಹಾಗೆ ಕುಣಿದಾಡಿದ. “ಏನ್ ತಣ್ಣಗಿದೆ ರೀ! ನಲವತ್ತು ವರ್ಷ ಆದ್ಮೇಲೂ ಅದೇ ಫ್ರಿಜ್, ಅದೇ ಕೈ! ಮೇಸ್ತ್ರಿಗಳೇ, ನಿಮಗೆ ದೊಡ್ಡ ನಮಸ್ಕಾರ. ಹೇಳಿ, ಫಲಕದಲ್ಲಿ ಏನಂತ ಬರೆಸ್ಲಿ?”

ಅಪ್ಪ ಕುರ್ಚಿಯಿಂದ ಎದ್ದು ತಡವರಿಸುತ್ತ ಬಂದು ಫ್ರಿಜ್ಜಿನ ಹಿಡಿ ಹಿಡಿದುಕೊಂಡ. ಏನೋ ಹೇಳಲು ಬಾಯಿ ತೆರೆದ. ಅವಳು ಅವನ ಪಕ್ಕಕ್ಕೆ ಬಂದು ನಿಂತಳು. ಈಗ ಹೇಳುತ್ತಾನೆ, ನನ್ನ ಹೆಸರಲ್ಲದಿದ್ದರೆ ಅಮ್ಮನ ಹೆಸರನ್ನಾದರೂ ಹೇಳುತ್ತಾನೆ ಎಂದುಕೊಂಡಳು.

“ಐಸ್ ಮೇಸ್ತ್ರಿ ಅಂತ ಬರೆಸಿ ಸಾರ್, ಸಾಕು. ಎಲ್ಲರಿಗೂ ಗೊತ್ತಾಗುತ್ತೆ.”

“ಆಹಾ, ಭೇಷ್! ಹಾಗೇ ನಿಂತಿರಿ, ಒಂದು ಫೋಟೋ ತೆಗೀತೀನಿ.” ಯಜಮಾನ ಎರಡು ಹೆಜ್ಜೆ ಹಿಂದೆ ಹೋಗಿ ಕ್ಯಾಮೆರಾ ಎತ್ತಿದ. ಆಮೇಲೆ ಅದನ್ನು ಇಳಿಸಿ, ಬಹಳ ವಿನಯದಿಂದ ಅವಳ ಕಡೆ ತಿರುಗಿದ. “ಅಮ್ಮಾ, ಸ್ವಲ್ಪ ಆಚೆ ಸರೀತೀರಾ? ಫೋಟೋದಲ್ಲಿ ನೀವು ಬರ್ತಿದ್ದೀರಿ.”

ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಪೊರೆ ಮುಚ್ಚಿದ ಕಣ್ಣುಗಳನ್ನು ಅಗಲಿಸಿಕೊಂಡು, ಕ್ಯಾಮೆರಾ ಎಲ್ಲಿದೆ ಎಂದು ಹುಡುಕುತ್ತಿದ್ದ.